ಒಂದು ಚೀಲ ಗೊಬ್ಬರದ ಬೆಲೆ ಎಷ್ಟು?

ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವ ಲೀನಿಯರ್ ಪ್ರೋಗ್ರಾಮಿಂಗ್ ಅಧ್ಯಾಯ ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಬ್ಬ ಮೇಜು, ಕುರ್ಚಿ ಮಾರುವ ವ್ಯಾಪಾರಿ. ಅವನ ಕೈಯಲ್ಲಿ ಇಷ್ಟು ಹಣ, ಅಂಗಡಿಯಲ್ಲಿ ಇಷ್ಟು ಜಾಗ. ಲಾಭ ಹೆಚ್ಚಾಗಬೇಕಾದರೆ ಮೇಜು ಎಷ್ಟು, ಕುರ್ಚಿ ಎಷ್ಟು ತರಬೇಕು? ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು, ಮೂಲೆಯ ಬಿಂದು ಗುರುತಿಸಿ, ಅಂಕ ಪಡೆದು ನಾವು ಮುಂದೆ ಬಂದೆವು. ಆ ಲೆಕ್ಕಕ್ಕೂ ನಮ್ಮ ರಾಣೆಬೆನ್ನೂರಿನ ಹೊಲಕ್ಕೂ ಸಂಬಂಧ ಇದ್ದೀತು ಎಂದು ಆಗ ಯಾರೂ ಹೇಳಲಿಲ್ಲ.

ಈ ಲೆಕ್ಕದಲ್ಲಿ ಎರಡು ಕೆಲಸಗಳಿವೆ. ಒಂದು, ಲೆಕ್ಕ ಕಟ್ಟುವುದು. ಇನ್ನೊಂದು, ಲೆಕ್ಕ ಬಿಡಿಸುವುದು. ಬಿಡಿಸುವುದನ್ನು ಈಗ ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಕಟ್ಟುವುದು ಮಾತ್ರ ಇಂದಿಗೂ ಮನುಷ್ಯನದೇ ಕೆಲಸ. ಅಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ. ನಮ್ಮ ಕೈಯಲ್ಲಿರುವ ನಿರ್ಧಾರ ಯಾವುದು? ಯಾವುದು ಹೆಚ್ಚಬೇಕು ಅಥವಾ ಯಾವುದು ಇಳಿಯಬೇಕು? ಯಾವುದಕ್ಕೆ ಮಿತಿ ಇದೆ? ಮೂರನೆಯ ಪ್ರಶ್ನೆಗೆ ಬರೆಯುವ ಉತ್ತರದಲ್ಲಿ ಒಂದು ಸಾಲು ಬಿಟ್ಟುಹೋದರೂ ಉಳಿದ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ಈ ವಿದ್ಯೆಯ ಚರಿತ್ರೆಯಲ್ಲಿ ಅದು ಮತ್ತೆ ಮತ್ತೆ ಕಾಣುತ್ತದೆ.

ಮೊದಲ ಹೆಜ್ಜೆ ಸೋವಿಯತ್ ರಷ್ಯಾದ ಲೆನಿನ್‌ಗ್ರಾಡಿನದು. ಅಲ್ಲಿನ ಪ್ಲೈವುಡ್ ಕಾರ್ಖಾನೆಯವರು ಲಿಯೊನಿಡ್ ಕ್ಯಾಂಟರೋವಿಚ್ ಎಂಬ ಯುವ ಗಣಿತಜ್ಞನ ಬಳಿಗೆ ಒಂದು ಸಮಸ್ಯೆ ತಂದರು. ಬೇರೆ ಬೇರೆ ಯಂತ್ರಗಳಿವೆ, ಬೇರೆ ಬೇರೆ ಜಾತಿಯ ಮರಗಳಿವೆ. ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಸರಕು ಬರುತ್ತದೆ? ಇದನ್ನು ಬಿಡಿಸುವ ದಾರಿಯನ್ನು ಅವರು 1939ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಹಳ ವರ್ಷ ಅದನ್ನು ಕೇಳುವವರಿರಲಿಲ್ಲ.

1947ರಲ್ಲಿ ಅಮೆರಿಕದ ವಾಯುಪಡೆಯ ಯೋಜನೆಗಳ ಕೆಲಸದಲ್ಲಿದ್ದ ಜಾರ್ಜ್ ಡ್ಯಾಂಟ್ಜಿಗ್, ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದರು. ‘ಪ್ರೋಗ್ರಾಮಿಂಗ್’ ಎಂಬ ಹೆಸರಿಗೂ ಕಂಪ್ಯೂಟರಿಗೂ ಆಗ ನಂಟಿರಲಿಲ್ಲ. ತರಬೇತಿ ಯಾವಾಗ, ಸಾಮಾನು ಎಲ್ಲಿಗೆ, ಜನ ಎಷ್ಟು ಎಂದು ಸೇನೆ ಹಾಕಿಕೊಳ್ಳುವ ಕಾರ್ಯಯೋಜನೆಗೆ ‘ಪ್ರೋಗ್ರಾಂ’ ಎನ್ನುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಯುದ್ಧಕಾಲದಲ್ಲಿ ಬ್ರಿಟನ್ನಿನಲ್ಲಿ ರಡಾರ್ ಬಳಕೆಯ ಸುತ್ತ ಬೆಳೆದಿದ್ದ ಆಪರೇಷನ್ಸ್ ರಿಸರ್ಚ್ ಎಂಬ ವಿದ್ಯೆಗೆ ಇದೇ ಮುಂದೆ ಮುಖ್ಯ ಸಲಕರಣೆಯಾಯಿತು.

ಸಿಂಪ್ಲೆಕ್ಸನ್ನು ಮೊದಲು ಒರೆಗೆ ಹಚ್ಚಿದ ಲೆಕ್ಕಗಳಲ್ಲಿ ಒಂದು ಊಟದ್ದು. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆ ಎತ್ತಿದ್ದರು: 77 ಬಗೆಯ ಆಹಾರಗಳಿಂದ ಆರಿಸಿಕೊಂಡು, 9 ಪೋಷಕಾಂಶಗಳ ಅಗತ್ಯ ಪೂರೈಸಿ, ವರ್ಷದ ಖರ್ಚನ್ನು ಎಷ್ಟಕ್ಕೆ ಇಳಿಸಬಹುದು? ಅವರು ಅಂದಾಜಿನಲ್ಲಿ ಹುಡುಕಿದ ಉತ್ತರ 39.93 ಡಾಲರ್. 1947ರಲ್ಲಿ ಒಂಬತ್ತು ಮಂದಿ ಗುಮಾಸ್ತರು ಕೈಯಂತ್ರಗಳ ಮೇಲೆ ಸಿಂಪ್ಲೆಕ್ಸ್ ಲೆಕ್ಕ ಮಾಡಿದಾಗ, 120 ಆಳು-ದಿನಗಳ ದುಡಿಮೆಯ ನಂತರ 39.69 ಡಾಲರ್ ಬಂತು. ಸ್ಟಿಗ್ಲರ್ ತಪ್ಪಿದ್ದು ಬರೀ 24 ಸೆಂಟ್. ಆದರೆ ಅವರ ಪಟ್ಟಿಯಲ್ಲಿ ಉಳಿದದ್ದು ಗೋಧಿ ಹಿಟ್ಟು, ಗಟ್ಟಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಮಾತ್ರ. ವರ್ಷವಿಡೀ ಅದನ್ನೇ ಯಾರು ಉಂಡಾರು? ನಾಲಿಗೆಯ ಮಿತಿಯನ್ನು ಲೆಕ್ಕದಲ್ಲಿ ಬರೆದಿರಲೇ ಇಲ್ಲ.

ಡ್ಯಾಂಟ್ಜಿಗ್‌ಗೇ ಈ ಪಾಠ ಮನೆಯಲ್ಲಾಯಿತು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದಾಗ ಅವರು ತಮ್ಮ ಊಟದ ಲೆಕ್ಕವನ್ನೂ ಕಂಪ್ಯೂಟರಿಗೆ ಕೊಟ್ಟರು. ಕ್ಯಾಲೊರಿ ಮಿತಿ ಮೀರಬಾರದು, ಹೊಟ್ಟೆ ತುಂಬಿದಂತಿರಬೇಕು ಎಂಬುದು ಷರತ್ತು. ಯಂತ್ರ ಕೊಟ್ಟ ಪಟ್ಟಿಯಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ವಿನೆಗರ್ ತೆಗೆದುಹಾಕಿದರೆ ಮುಂದಿನ ಸಲ 200 ಸೂಪ್ ಗಟ್ಟಿಗಳು ಬಂದವು. ಯಂತ್ರ ತಪ್ಪು ಮಾಡಿರಲಿಲ್ಲ. ಅದಕ್ಕೆ ಹೇಳಿದ್ದನ್ನಷ್ಟೇ ಮಾಡಿತ್ತು.

ನಮ್ಮ ದೇಶಕ್ಕೆ ಈ ವಿದ್ಯೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಬಂತು. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಪಿ.ಸಿ. ಮಹಾಲನೋಬಿಸ್, 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಗೆ ಗಣಿತದ ಚೌಕಟ್ಟು ಹಾಕಿದರು. 1957ರಲ್ಲಿ ಭಾರತದ ಆಪರೇಷನ್ಸ್ ರಿಸರ್ಚ್ ಸೊಸೈಟಿ ಹುಟ್ಟಿತು. ಕಡಿಮೆ ಸಂಪತ್ತನ್ನು ಹೇಗೆ ಹಂಚುವುದು ಎಂಬುದು ಬಡ ದೇಶದ ಮೊದಲ ಪ್ರಶ್ನೆಯಲ್ಲವೇ?

ಈಗ ನಮ್ಮ ಹೊಲಕ್ಕೆ ಬರೋಣ. ರಾಣೆಬೆನ್ನೂರು ಕಡೆ ಆರು ಎಕರೆ ಇರುವ ಒಬ್ಬ ರೈತನನ್ನು ಎಣಿಸಿಕೊಳ್ಳಿ. ಬಿತ್ತಬೇಕಾದದ್ದು ಗೋವಿನಜೋಳ ಅಥವಾ ಬ್ಯಾಡಗಿ ಮೆಣಸಿನಕಾಯಿ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾವೇ ಇಟ್ಟುಕೊಂಡವು, ಪೇಟೆಯ ದರವಲ್ಲ.

ಗೋವಿನಜೋಳಕ್ಕೆ ಎಕರೆಗೆ 20,000 ರೂಪಾಯಿ ಲಾಭ, 1 ಚೀಲ ಡಿಎಪಿ, 10 ಆಳು. ಮೆಣಸಿನಕಾಯಿಗೆ 30,000 ರೂಪಾಯಿ ಲಾಭ, 2 ಚೀಲ ಡಿಎಪಿ, 40 ಆಳು. ರೈತನ ಹತ್ತಿರ ಇರುವುದು 6 ಎಕರೆ, 9 ಚೀಲ, 200 ಆಳಿನ ದುಡಿಮೆ. ನಿರ್ಧಾರ: ಯಾವುದು ಎಷ್ಟು ಎಕರೆ. ಹೆಚ್ಚಬೇಕಾದದ್ದು: ಒಟ್ಟು ಲಾಭ. ಮಿತಿಗಳು: ಹೊಲ, ಗೊಬ್ಬರ, ಆಳು. ಲೆಕ್ಕ ಕಟ್ಟಿದ್ದು ಇಷ್ಟೇ.

ಆರೂ ಎಕರೆ ಗೋವಿನಜೋಳ ಬಿತ್ತಿದರೆ 1,20,000. ಇಡೀ ಹೊಲ ಮೆಣಸಿನಕಾಯಿ ಮಾಡೋಣವೆಂದರೆ ಗೊಬ್ಬರ ನಾಲ್ಕೂವರೆ ಎಕರೆಗೇ ಮುಗಿಯುತ್ತದೆ, ಲಾಭ 1,35,000. ಮೂರು ಎಕರೆ ಅದು, ಮೂರು ಎಕರೆ ಇದು ಮಾಡಿದರೆ 1,50,000. ಇದೇ ಎಲ್ಲಕ್ಕಿಂತ ಹೆಚ್ಚು. ಆಗ ಹೊಲವೂ ಪೂರ್ತಿ ಮುಗಿಯಿತು, ಗೊಬ್ಬರವೂ ಮುಗಿಯಿತು. ಆಳು ಮಾತ್ರ 50 ಉಳಿದವು.

ಇನ್ನೊಂದೇ ಚೀಲ ಡಿಎಪಿ ಸಿಕ್ಕಿದ್ದರೆ? ಮೆಣಸಿನಕಾಯಿ ನಾಲ್ಕು, ಗೋವಿನಜೋಳ ಎರಡು ಎಕರೆ. ಲಾಭ 1,60,000. ಅಂದರೆ ಆ ಹತ್ತನೇ ಚೀಲ ಈ ರೈತನಿಗೆ 10,000 ರೂಪಾಯಿ ಬಾಳುತ್ತದೆ, ಚೀಲದ ಮೇಲೆ ಅಚ್ಚಾದ ದರ ಏನೇ ಇರಲಿ. ಇನ್ನೊಂದು ಆಳು ಹೆಚ್ಚು ಸಿಕ್ಕರೆ ಅದರಿಂದ ಬರುವುದು ಸೊನ್ನೆ. ಗಣಿತದವರು ಇದನ್ನು ನೆರಳು ಬೆಲೆ ಎನ್ನುತ್ತಾರೆ. ಕ್ಯಾಂಟರೋವಿಚ್‌ಗೂ ಇದು ಹೊಳೆದಿತ್ತು. 1975ರಲ್ಲಿ ಅವರಿಗೂ, ಯುದ್ಧಕಾಲದ ಹಡಗು ಸಾಗಣೆಯ ಲೆಕ್ಕ ಬಿಡಿಸಿದ ಟ್ಯಾಲಿಂಗ್ ಕೂಪ್ಮನ್ಸ್‌ಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಯಾವುದು ನಿಜವಾಗಿ ಕಡಿಮೆಯಿದೆಯೋ ಅದರ ಬೆಲೆ ಮಾತ್ರ ಏರುತ್ತದೆ. ಇದೇ ತಾಲ್ಲೂಕಿನಲ್ಲಿ ಹೈಬ್ರಿಡ್ ಹತ್ತಿ ಬೀಜ ಮಾಡುವವರನ್ನು ಕೇಳಿದರೆ ಉತ್ತರ ಬೇರೆ ಬಂದೀತು. ಸಂಜೆ ಮೊಗ್ಗು ಬಿಡಿಸಿ ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಆ ಕೆಲಸದಲ್ಲಿ ಮೊದಲು ಸಾಲದೆ ಹೋಗುವುದು ಕೈಗಳು.

ಈ ಲೆಕ್ಕವನ್ನು ನಮ್ಮಲ್ಲೊಬ್ಬರ ದೊಡ್ಡಪ್ಪನ ಮುಂದೆ ಇಟ್ಟೆವು. ಅವರು ಒಂದು ಎಕರೆ ಜೋಳಕ್ಕೆ ತೆಗೆದಿಟ್ಟೇ ಮುಂದಿನ ಮಾತು ಆಡುವವರು. ಜೋಳ ಅವರು ಮಾರುವುದಿಲ್ಲ. ಹಾಗಾದರೆ ನಮ್ಮ ಲೆಕ್ಕದಲ್ಲಿ ಉಳಿಯುವುದು ಐದು ಎಕರೆ. ಜೋಳಕ್ಕೆ ಡಿಎಪಿ ಹಾಕದಿದ್ದರೆ ಮೆಣಸಿನಕಾಯಿ ನಾಲ್ಕು, ಗೋವಿನಜೋಳ ಒಂದು, ಲಾಭ 1,40,000. “ಹತ್ತು ಸಾವಿರ ಲುಕ್ಸಾನಲ್ಲ ದೊಡ್ಡಪ್ಪ?” ಎಂದೆವು. “ಜ್ವಾಳ ಬಿಟ್ರ ರೊಟ್ಟಿ ಯಾರ ಕೊಡ್ತಾರ? ಎತ್ತಿಗೆ ಕಣಕಿ ಎಲ್ಲಿಂದ ತರೂದು?” ಎಂದರು. ನಾವು ಬರೆಯದೆ ಬಿಟ್ಟ ಮಿತಿಯ ಸಾಲನ್ನು ಅವರು ಓದಿ ಹೇಳಿದರು. ರೈತನಿಗೆ ಲಾಭದ ಲೆಕ್ಕ ತಿಳಿಯುವುದಿಲ್ಲ ಎನ್ನುವವರು ಹಲವು ಸಲ ಅವನ ಅರ್ಧ ಲೆಕ್ಕವನ್ನಷ್ಟೇ ಕಟ್ಟಿರುತ್ತಾರೆ.

ನಾವು ಬಿಟ್ಟಿದ್ದ ಇನ್ನೂ ಒಂದು ಸಾಲಿದೆ. ಅದು ದಿನಾಂಕ. ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ ಬಿತ್ತನೆ. ಡಿಎಪಿ ಬೇಕಾದದ್ದು ಬೀಜದ ಜೊತೆಗೆ. ಹಸಿ ಆರುವ ಮೊದಲು ಸಿಗದ ಚೀಲ ಆಗಸ್ಟಿನಲ್ಲಿ ರಾಶಿ ಬಿದ್ದಿದ್ದರೂ ಆ ಬಿತ್ತನೆಗೆ ಒದಗುವುದಿಲ್ಲ. ವರ್ಷದ ಲೆಕ್ಕದಲ್ಲಿ ಒಂಬತ್ತು ಚೀಲ ಇದ್ದು ಬಿತ್ತನೆಯ ವಾರದಲ್ಲಿ ನಾಲ್ಕೇ ಇದ್ದರೆ, ರೈತನ ಮಿತಿ ನಾಲ್ಕು, ಒಂಬತ್ತಲ್ಲ.

2008ರ ಮುಂಗಾರಿನಲ್ಲಿ ಡಿಎಪಿ ಕೊರತೆ ಬಿತ್ತು. 1997ರಲ್ಲಿ ಧಾರವಾಡದಿಂದ ಬೇರೆಯಾಗಿದ್ದ ನಮ್ಮ ಹಾವೇರಿ ಜಿಲ್ಲೆಯಲ್ಲಿ ರೈತರು ಗೊಬ್ಬರಕ್ಕಾಗಿ ಸಾಲು ನಿಂತರು, ಬೀದಿಗಿಳಿದರು. ಜೂನ್ 10ರಂದು ಹಾವೇರಿ ನಗರದಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಜೀವ ಹೋಯಿತು. ಮಿರಗ ಕೂಡಿ ಆಗಿನ್ನೂ ಎರಡು ಮೂರು ದಿನ. ಒಂದು ಚೀಲ ಗೊಬ್ಬರಕ್ಕಾಗಿ ಜನ ಇಷ್ಟು ರೊಚ್ಚಿಗೇಳುವುದುಂಟೇ ಎಂದು ದೂರದಲ್ಲಿ ಕೂತವರಿಗೆ ಅನಿಸಬಹುದು. ಅವರ ಕಣ್ಣಿಗೆ ಕಾಣುವುದು ಚೀಲದ ಮೇಲಿನ ದರ. ಸಾಲಿನಲ್ಲಿ ನಿಂತವನಿಗೆ ಗೊತ್ತಿದ್ದದ್ದು ಆ ವಾರದಲ್ಲಿ ಅದರ ನೆರಳು ಬೆಲೆ.

ಗೊಬ್ಬರವನ್ನು ಬಂದರಿನಿಂದ, ಕಾರ್ಖಾನೆಯಿಂದ ತಾಲ್ಲೂಕುಗಳಿಗೆ ಹಂಚುವುದು ಕೂಪ್ಮನ್ಸ್ ಹಡಗುಗಳಿಗಾಗಿ ಬಿಡಿಸಿದ ಲೆಕ್ಕದ ಜಾತಿಯದೇ. ಬಿಡಿಸಲು ಕಷ್ಟವಿಲ್ಲ. ಆದರೆ ಕಟ್ಟುವಾಗ ಇಡೀ ರಾಜ್ಯ, ಇಡೀ ಹಂಗಾಮು ಎಂದು ಒಂದೇ ಸಾಲು ಬರೆದರೆ, ರಾಣೆಬೆನ್ನೂರಿನ ಜೂನ್ ಎರಡನೇ ವಾರ ಅದರಲ್ಲಿ ಮುಚ್ಚಿಹೋಗುತ್ತದೆ.

ಸುದ್ದಿ ಬರೆಯುವ ನಮಗೂ ಇದರಲ್ಲಿ ಕೆಲಸವಿದೆ. ‘ಜಿಲ್ಲೆಯಲ್ಲಿ ಇಷ್ಟು ಟನ್ ದಾಸ್ತಾನಿದೆ, ಕೊರತೆ ಇಲ್ಲ’ ಎಂಬ ಪ್ರಕಟಣೆ ಬಂದಾಗ ಅದನ್ನು ಹಾಗೇ ಇಳಿಸಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಯಾವ ಗೊಬ್ಬರ? ಯಾವ ತಾಲ್ಲೂಕಿನಲ್ಲಿ? ಯಾವ ವಾರದಲ್ಲಿ? ಪಿಯುಸಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಮಿತಿಯ ಗೆರೆ ಎಳೆದಿದ್ದೆವಲ್ಲ, ಈಗ ಅದನ್ನು ಹೊಲದ ಬದುವಿನಲ್ಲಿ ನಿಂತು ಎಳೆಯಬೇಕಾಗಿದೆ.