ಸಂಕರ ಪ್ರೋಟೀನು ವಿನ್ಯಾಸದ ತಂತ್ರಾಂಶಗಳು: ಇತಿಹಾಸ

ಎರಡು ಮೂರು ಪ್ರೋಟೀನುಗಳ ತುಂಡುಗಳನ್ನು ಸೇರಿಸಿ ಹೊಸದೊಂದನ್ನು ಕಟ್ಟುವಾಗ ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸೆಯಬೇಕು ಎಂಬುದನ್ನು ಅವುಗಳ ಮೂರು ಆಯಾಮದ ರಚನೆಯಿಂದ ಲೆಕ್ಕ ಹಾಕುವ ತಂತ್ರಾಂಶಗಳು. ಒಂದೆರಡು ಅಮೈನೊ ಆಮ್ಲಗಳನ್ನಷ್ಟೇ ಬದಲಿಸಲು ನೆರವಾಗುವಂಥವೂ ಇದೇ ಹೆಸರಿನಡಿ ಬರುವುದುಂಟು. ಕೆಲಸ ಬೇರೆಯಾದರೂ ಎರಡರ ಬೇರು ಒಂದೇ.

ಆ ಬೇರು ಮದ್ರಾಸಿನಲ್ಲಿದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಎಂದು ತೋರಿಸುವ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ 1963ರಲ್ಲಿ ಪ್ರಕಟಿಸಿದರು. 1971ರಲ್ಲಿ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಆರಂಭಿಸಿದರು.

ಈ ಇತಿಹಾಸವನ್ನು ಸ್ಕೀಮಾ ಎಂಬ ಸಾಧನ ಬಂದ 2002ರಿಂದ ಎಣಿಸುವವರ ಕಣ್ಣಿಗೆ 1989 ಬೀಳುವುದಿಲ್ಲ. ಆ ವರ್ಷ ಆರ್. ಸೌದಾಮಿನಿ, ಎನ್. ಶ್ರೀನಿವಾಸನ್, ಪಿ. ಬಲರಾಂ ಮೊದಲಾದವರು ಬೆಂಗಳೂರಿನಿಂದ ಒಂದು ವಿಧಾನ ಪ್ರಕಟಿಸಿದರು; ಮದ್ರಾಸಿನ ನಕ್ಷೆಯ ರಾಮಕೃಷ್ಣನ್ ಅವರೂ ಸಹಲೇಖಕರು. ಪ್ರೋಟೀನಿನೊಳಗೆ ಎಲ್ಲೆಲ್ಲಿ ಹೊಸ ಡೈಸಲ್ಫೈಡ್ ಬೆಸುಗೆ (ಎರಡು ಗಂಧಕ ಪರಮಾಣುಗಳ ನಡುವಿನ ಬಂಧ) ಹಾಕಬಹುದೆಂದು ಸೂಚಿಸುವ ಆ ತಂತ್ರಾಂಶದ ಹೆಸರು ಮೋಡಿಪ್. ಹೆಸರಿನಲ್ಲಿ ಮೋಡಿ ಇದೆ. ಒಳಗಿರುವುದು ಬರೀ ಜ್ಯಾಮಿತಿ. ಎರಡು ಅಮೈನೊ ಆಮ್ಲಗಳ ಆಲ್ಫಾ ಇಂಗಾಲಗಳು 6.5 ಆಂಗ್‌ಸ್ಟ್ರಾಂ ಒಳಗೆ, ಬೀಟಾ ಇಂಗಾಲಗಳು 4.5 ಆಂಗ್‌ಸ್ಟ್ರಾಂ ಒಳಗೆ ಇದ್ದರೆ ಆ ಜೋಡಿ ಮುಂದಿನ ಪರೀಕ್ಷೆಗೆ ಅರ್ಹ. ಅಲ್ಲಿ ಗಂಧಕದ ಪರಮಾಣುಗಳನ್ನು ಕೂರಿಸಿ, ಕೋನಗಳು ಒಪ್ಪುವಷ್ಟಕ್ಕೆ ತಕ್ಕಂತೆ ದರ್ಜೆ ಕೊಡಲಾಗುತ್ತದೆ. ಥೈಮಿಡಿಲೇಟ್ ಸಿಂಥೇಸ್ ಕಿಣ್ವದ ಎರಡು ಉಪಘಟಕಗಳ ನಡುವೆ ಇಂಥ ಎರಡು ಸೇತುವೆ ಹಾಕಿ ಶಾಖ ತಾಳುವ ಶಕ್ತಿಯನ್ನು ಹೆಚ್ಚಿಸಿದ ಫಲಿತಾಂಶ 1994ರಲ್ಲಿ ಬಂತು. ಮೋಡಿಪ್ ಕಟ್ಟುನಿಟ್ಟಾದ ಅರ್ಥದಲ್ಲಿ ಸಂಕರ ವಿನ್ಯಾಸದ ಸಾಧನವಲ್ಲ. ಆದರೆ ರಚನೆ ನೋಡಿ ಬೆಸುಗೆಯ ಜಾಗ ಹುಡುಕುವ ಕ್ರಮ ಅದರಲ್ಲಿ ಪೂರ್ತಿಯಾಗಿಯೇ ಇತ್ತು.

ನಿಜವಾದ ಸಂಕರಕ್ಕೆ ಬಂದದ್ದು ಸ್ಕೀಮಾ. ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸೆಸ್ ಆರ್ನಾಲ್ಡ್ ತಂಡ 2002ರಲ್ಲಿ ಇದನ್ನು ಪ್ರಕಟಿಸಿತು. ತುಂಡುಗಳನ್ನು ಅದಲು ಬದಲು ಮಾಡಿದಾಗ ಮಡಿಕೆಯೊಳಗಿನ ಎಷ್ಟು ಸಂಪರ್ಕಗಳು ಮುರಿಯುತ್ತವೆ ಎಂದು ಎಣಿಸುವುದೇ ಇದರ ತಿರುಳು; ಕಡಿಮೆ ಮುರಿದಷ್ಟೂ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳುವ ಸಾಧ್ಯತೆ ಹೆಚ್ಚು. ಮೂರು ಪಿ450 ಕಿಣ್ವಗಳನ್ನು ಎಂಟೆಂಟು ಭಾಗ ಮಾಡಿ ಬೆರೆಸಿದರೆ 6,561 ಸಂಕರಗಳಾಗುತ್ತವೆ. ಆ ಸಂಗ್ರಹದ ವರದಿ ಬಂದದ್ದು 2006ರಲ್ಲಿ.

ನಂತರದ ಕಥೆ ಪತ್ರಿಕೆ ಓದುವವರಿಗೆ ಗೊತ್ತಿರುವುದೇ: ಪ್ರೋಟೀನಿನ ರಚನೆ ಊಹಿಸುವ ಆಲ್ಫಾಫೋಲ್ಡ್, ಹೊಸ ಪ್ರೋಟೀನು ವಿನ್ಯಾಸ ಮಾಡುವ ಆರ್‌ಎಫ್‌ಡಿಫ್ಯೂಷನ್, 2024ರ ರಸಾಯನಶಾಸ್ತ್ರದ ನೊಬೆಲ್. ಬೆಂಗಳೂರಿನ ಎಳೆ ಮಾತ್ರ ಸದ್ದಿಲ್ಲದೆ ಮುಂದುವರಿಯಿತು. ನಿಸರ್ಗದಲ್ಲಿರುವ ಮತ್ತು ಮೋಡಿಪ್ ಊಹಿಸಿದ ಡೈಸಲ್ಫೈಡ್ ಬಂಧಗಳೆರಡನ್ನೂ ಸೇರಿಸಿದ ದತ್ತಾಂಶ ಸಂಗ್ರಹ ಡಿಎಸ್‌ಡಿಬೇಸ್ 2004ರಲ್ಲಿ ಸೌದಾಮಿನಿ ಅವರ ತಂಡದಿಂದ ಬಂತು. ಅದರ ಪರಿಷ್ಕೃತ ಆವೃತ್ತಿ 2022ರಲ್ಲಿ ಹೊರಬಿತ್ತು.