ಮರಿಯಾಳ ಮದುವೆಗೆ ಬಂದವರು

ನಿಜವಲ್ಲದ ಮದುವೆಗೆ ಉಡುಗೊರೆ ಹಿಡಿದು ಹೋದವರನ್ನು ಕಂಡಿದ್ದೀರಾ? ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾದಲ್ಲಿ ಅಂಥ ಮದುವೆಯೊಂದು ನಡೆಯಿತು. ಅಲ್ಲಿನ ಕಥೋಲಿಕ ದೇವಾಲಯವೊಂದರಲ್ಲಿ ದೂರದರ್ಶನ ಧಾರಾವಾಹಿಯ ವಿವಾಹದ ದೃಶ್ಯವನ್ನು ಚಿತ್ರೀಕರಿಸುತ್ತಿದ್ದರು. ಸುದ್ದಿ ತಿಳಿದು ಸುಮಾರು 10,000 ಮಂದಿ ನೆರೆದರು. ಹಲವರು ಹಬ್ಬದ ಉಡುಪು ತೊಟ್ಟು, ವಧೂವರರಿಗೆ ಉಡುಗೊರೆ ತಂದಿದ್ದರು. ವಧು ಸಾಬಿ ಕಮಾಲಿಚ್, ವರ ಬ್ರೌಲಿಯೊ ಕಾಸ್ಟಿಯೊ ಇಬ್ಬರೂ ನಟರೆಂಬುದು ಗುಟ್ಟೇನೂ ಆಗಿರಲಿಲ್ಲ.

ಆ ಧಾರಾವಾಹಿ ‘ಸಿಂಪ್ಲೆಮೆಂತೆ ಮರಿಯಾ’, ಅಂದರೆ ‘ಬರಿಯ ಮರಿಯಾ’. ಅರ್ಜೆಂಟೀನಾದ ಲೇಖಕಿ ಸೆಲಿಯಾ ಅಲ್ಕಾಂತರಾ ರಚಿಸಿದ ಈ ಕಥೆ ಪೆರುವಿನಲ್ಲಿ 1969ರಿಂದ 1971ರವರೆಗೆ ಪ್ರಸಾರವಾಯಿತು. ಮರಿಯಾ ಹಳ್ಳಿಯಿಂದ ಬಂದು ನಗರದಲ್ಲಿ ಮನೆಗೆಲಸಕ್ಕೆ ಸೇರಿದ ಹೆಣ್ಣುಮಗಳು. ಪ್ರೀತಿಸಿದವನು ಕೈಬಿಟ್ಟಾಗ ಒಂಟಿಯಾಗಿ ಮಗುವನ್ನು ಸಾಕುತ್ತಾಳೆ. ಎಸ್ತೆಬಾನ್ ಮೇಷ್ಟರು ಅವಳಿಗೆ ಓದುಬರಹ ಕಲಿಸುತ್ತಾರೆ. ಹೊಲಿಗೆ ಕಲಿತು ಉಡುಪು ವಿನ್ಯಾಸದಲ್ಲಿ ಹೆಸರು ಗಳಿಸುವ ಅವಳು, ಬಹುಕಾಲ ಕಾದಿದ್ದ ಮೇಷ್ಟರನ್ನೇ ಕೊನೆಗೆ ವರಿಸುತ್ತಾಳೆ.

ಆ ಕಾಲದಲ್ಲಿ ಆಂಡಿಸ್ ಪರ್ವತಸೀಮೆಯ ಊರುಗಳಿಂದ ಬಂದ ಬಡ ಹೆಣ್ಣುಮಕ್ಕಳು ಲಿಮಾದ ಮನೆಗಳಲ್ಲಿ ದುಡಿಯುತ್ತಿದ್ದರು. ಮರಿಯಾಳಲ್ಲಿ ಅವರು ತಮ್ಮನ್ನೇ ಕಂಡರು. ಅವರಲ್ಲಿ ಅನೇಕರು ಸಂಜೆಯ ಸಾಕ್ಷರತಾ ತರಗತಿಗಳಿಗೂ ಹೊಲಿಗೆ ತರಗತಿಗಳಿಗೂ ಸೇರಿದರು. ಹೊಲಿಗೆ ಯಂತ್ರಗಳ ಮಾರಾಟವೂ ಏರಿತು. ಇದನ್ನು ಯಾರೂ ಯೋಜಿಸಿರಲಿಲ್ಲ.

ತಾನಾಗಿ ಆದುದನ್ನು ಉದ್ದೇಶಪೂರ್ವಕವಾಗಿ ಸಾಧಿಸಲು ಹೊರಟವರು ಮೆಕ್ಸಿಕೋದ ಮಿಗೆಲ್ ಸಬಿದೋ. ವಯಸ್ಕರ ಸಾಕ್ಷರತೆಗಾಗಿ 1975ರಲ್ಲಿ ಅವರು ‘ವೆನ್ ಕೊನ್ಮಿಗೊ’ ಧಾರಾವಾಹಿಯನ್ನು ನಿರ್ಮಿಸಿದರು. ಅವರ ಮಾದರಿಯೇ ನಮ್ಮ ದೇಶದ ‘ಹಮ್ ಲೋಗ್’ಗೂ ಪ್ರೇರಣೆ. ಮನೋಹರ ಶ್ಯಾಮ ಜೋಶಿ ಬರೆದ ಈ ಧಾರಾವಾಹಿ 1984ರ ಜುಲೈ 7ರಂದು ಆರಂಭವಾಗಿ 156 ಕಂತುಗಳಲ್ಲಿ ಮೂಡಿಬಂತು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಹಿತವಚನ ಹೇಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪ್ರೇಕ್ಷಕರಿಂದ ಬಂದ ಪತ್ರಗಳು ಸುಮಾರು 4 ಲಕ್ಷ. ಮದುವೆಯ ವಿಷಯದಲ್ಲಿ ತೂಗಾಡುತ್ತಿದ್ದ ಹಿರಿಯ ಮಗಳು ಬಡ್ಕಿಗೆ ಬುದ್ಧಿ ಹೇಳಿ ಬರೆದ ಯುವತಿಯರೂ ಇದ್ದರು.

ಇಂಥ ಪ್ರೇಕ್ಷಕರನ್ನು ಕಂಡು ನಾವು ನಗುವುದುಂಟು. ಸಂಜೆಯ ಜಪಸರದ ವೇಳೆಯನ್ನು ಧಾರಾವಾಹಿಗಳು ಕದ್ದವೆಂದು ಪ್ರಬೋಧನೆಯಲ್ಲಿ ನಾನೂ ಗದರಿದ್ದೇನೆ. ಆ ದೂರು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಇಲ್ಲದ ವ್ಯಕ್ತಿಯೊಬ್ಬಳ ನೋವಿಗೆ ಕರಗುವ ಹೃದಯ ದೇವರ ಕೊಡುಗೆಯೇ ಸರಿ. ಪ್ರಭು ಯೇಸುವೂ ಕಥೆ ಹೇಳಿಯೇ ಬೋಧಿಸಿದರು. ನೆರೆಯವನು ಯಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಅವರು ವ್ಯಾಖ್ಯಾನ ನೀಡಲಿಲ್ಲ. ಸಮಾರಿಯದವನ ಸಾಮತಿಯನ್ನು ಹೇಳಿದರು. ಕಥೆ ಮುಗಿದ ಮೇಲೆ ಹಾಗೆಯೇ ನಡೆದುಕೊಳ್ಳುವಂತೆ ಅವನನ್ನು ಕಳುಹಿಸಿದರು.

ಆದುದರಿಂದ ಎಷ್ಟು ಅತ್ತೆವೆಂಬುದಲ್ಲ, ಎದ್ದ ಮೇಲೆ ಏನು ಮಾಡಿದೆವೆಂಬುದೇ ಮುಖ್ಯ. ಲಿಮಾದ ಕೆಲಸದ ಹುಡುಗಿಯರು ಕಥೆ ನೋಡಿ ಪುಸ್ತಕ ಹಿಡಿದರು. ಆದರೆ ಸಂಜೆ ತರಗತಿಗೆ ಹೋಗಲು ಅವರಿಗೆ ಮನೆಯೊಡತಿಯ ಬಿಡುವೂ ಬೇಕಿತ್ತು. ತೆರೆಯ ಮೇಲಿನ ಮರಿಯಾಳಿಗಾಗಿ ಮರುಗಿದವಳು ತನ್ನ ಅಡುಗೆಮನೆಯಲ್ಲಿದ್ದ ಮರಿಯಾಳನ್ನು ನೋಡಬೇಕಿತ್ತು.

ಪ್ರಿಯ ಓದುಗರೇ, ಇಂದು ರಾತ್ರಿ ನಿಮ್ಮ ಮೆಚ್ಚಿನ ಧಾರಾವಾಹಿಯನ್ನು ನೋಡಿ, ನನ್ನ ಅಡ್ಡಿಯಿಲ್ಲ. ಮುಗಿದ ಮೇಲೆ ಒಂದು ಕ್ಷಣ ಯೋಚಿಸಿ: ಅದರ ನಾಯಕಿಯ ಕಷ್ಟಗಳೆಲ್ಲ ನಿಮಗೆ ಗೊತ್ತು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಸಹೋದರಿಯ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿದ್ದಾರೆಂದು ಗೊತ್ತೇ?