ಸ್ಥಳೀಯ ಸಂಸ್ಥೆಗಳ ಕಾನೂನು ಸೇವೆ (ರಾಮನಗರ ಪ್ರದೇಶ)

ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ನಗರಸಭೆಗಳು, ಮಾಗಡಿ ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳಿಗೆ ವಕೀಲರು ನೀಡುವ ಸಲಹೆ, ನಡೆಸುವ ವಾದ. 1964ರ ಪೌರಸಭೆಗಳ ಅಧಿನಿಯಮ, 1993ರ ಪಂಚಾಯತ್ ರಾಜ್ ಅಧಿನಿಯಮಗಳಡಿ ಇವು ಸ್ವಂತ ಹೆಸರಿನಲ್ಲಿ ದಾವೆ ಹೂಡಬಲ್ಲ, ದಾವೆ ಎದುರಿಸಬೇಕಾದ ಸಂಸ್ಥೆಗಳು. ಖಾತೆ, ಒತ್ತುವರಿ, ಮಳಿಗೆ ಬಾಡಿಗೆಯ ತಕರಾರುಗಳು ಸಾಮಾನ್ಯ. ಸಮನ್ಸ್ ಬಂದರೆ ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿ, ಹಳ್ಳಿಯಲ್ಲಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ವಕಾಲತ್ತಿಗೆ ಸಹಿ ಹಾಕಿ ಕಡತವನ್ನೂ ಕಂಡಿಕೆವಾರು ಟಿಪ್ಪಣಿಯನ್ನೂ ಪ್ಯಾನಲ್ ವಕೀಲರಿಗೆ ಕಳಿಸಬೇಕು. ಇದು ತಡವಾದರೆ ಎಂಥ ವಕೀಲರ ಕೈಯನ್ನೂ ಕಟ್ಟಿದಂತೆ: ಎದುರು ಪಕ್ಷಕ್ಕೆ ತಡೆಯಾಜ್ಞೆ ಸಿಕ್ಕಿ ಚರಂಡಿ ಕಾಮಗಾರಿ ಅರ್ಧಕ್ಕೇ ನಿಲ್ಲಬಹುದು. ರಿಟ್ ಅರ್ಜಿಗಳು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತವೆ. ಬಡವರಿಗೆ ಉಚಿತ ನೆರವು ಕೊಡುವ, 1987ರ ಕಾಯ್ದೆಯ ಕಾನೂನು ಸೇವಾ ಪ್ರಾಧಿಕಾರ ಈ ಸೇವೆಗಿಂತ ಬೇರೆ.